ಲಾಠಿ ಹಿಡಿದವನ ಮೇಲೆ ಕೇಸು, ಸಹಿ ಹಾಕಿದವರ ಮೇಲೆ?

ಬೆರಳಚ್ಚಿನವ, ಮೈಸೂರು

ನಾನು ವಕೀಲನಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಕೋರ್ಟ್ ಹತ್ತಿರ ಟೈಪಿಂಗ್ ಅಂಗಡಿ ಇಟ್ಟು 31 ವರ್ಷ ಆಯಿತು. ಆಗ ರೆಮಿಂಗ್ಟನ್ ಮೆಷಿನ್, ಈಗ ಕಂಪ್ಯೂಟರ್. ಜಾಮೀನು ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಏನು ಬಂದರೂ ಟೈಪ್ ಮಾಡುತ್ತೇನೆ. ಟೈಪ್ ಮಾಡುವಾಗ ಅರ್ಥ ಮಾಡಿಕೊಂಡು ಓದುವುದಿಲ್ಲ. ಓದುತ್ತಾ ಕೂತರೆ ಕೈ ನಿಧಾನ ಆಗುತ್ತದೆ, ತಪ್ಪೂ ಜಾಸ್ತಿ.

ಹೋದ ವಾರ ತಂಗಿಯ ಮಗ ಬಂದಿದ್ದ. ಲಾ ಓದುತ್ತಿದ್ದಾನೆ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಯಂತೆ. ಚಿತ್ರಹಿಂಸೆಗೆ ಒಪ್ಪಿಗೆ ಕೊಟ್ಟ ಮಾಜಿ ಅಧಿಕಾರಿಗಳ ಮೇಲೆ ಸರ್ಕಾರ ಮೊಕದ್ದಮೆ ಹೂಡಬೇಕೇ ಅನ್ನುವುದು ವಿಷಯ. ಇವನಿಗೆ ಬಂದದ್ದು 'ಬೇಡ' ಅನ್ನುವ ಪಕ್ಷ. 'ಮಾವ, ಇದೊಂದು ಪ್ರಿಂಟ್ ತೆಗೆದುಕೊಡಿ' ಅಂತ ಪೆನ್‌ಡ್ರೈವ್ ಕೊಟ್ಟ. ಅದರಲ್ಲಿ ಅಮೆರಿಕದ ಸರ್ಕಾರದ ಹಳೆಯ ಕಾಗದಗಳಿದ್ದವು. ಪ್ರಿಂಟರ್ ಅರ್ಧಕ್ಕೆ ನಿಂತಿತು, ಟೋನರ್ ಖಾಲಿ. ಹುಡುಗ ಟೋನರ್ ತರಲು ಹೋದ. ಆ ಅರ್ಧ ಗಂಟೆ ನಾನು ಓದಿದೆ.

2002ರ ಆಗಸ್ಟ್ 1ರ ಪತ್ರ. ಅಮೆರಿಕದ ನ್ಯಾಯ ಇಲಾಖೆಯದು. ಕರಡು ಮಾಡಿದವರು ಜಾನ್ ಯೂ, ಸಹಿ ಹಾಕಿದವರು ಜೇ ಬೈಬಿ. ಎಷ್ಟು ನೋವಾದರೆ ಅದನ್ನು ಚಿತ್ರಹಿಂಸೆ ಅನ್ನಬೇಕು ಅಂತ ಅಳತೆ ಹಾಕಿದ್ದಾರೆ. ಅಂಗಾಂಗ ಕೆಟ್ಟುಹೋಗುವಾಗಲೋ ಜೀವ ಹೋಗುವಾಗಲೋ ಆಗುವಂಥ ನೋವು ಇರಬೇಕಂತೆ. ಅದಕ್ಕಿಂತ ಕಡಿಮೆ ಇದ್ದರೆ ಹಿಂಸೆ ಅಲ್ಲ. ಅದೇ ತಾರೀಕಿನ ಇನ್ನೊಂದು ಪತ್ರದಲ್ಲಿ ಹತ್ತು ಬಗೆಗಳಿಗೆ ಒಪ್ಪಿಗೆ ಇದೆ. ಗೋಡೆಗೆ ಅಪ್ಪಳಿಸುವುದು, ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಕೂಡುವುದು, ಬೇಕಾದರೆ ಪೆಟ್ಟಿಗೆಯೊಳಗೆ ಒಂದು ಹುಳ ಬಿಡುವುದು, ನಿದ್ದೆಗೆಡಿಸುವುದು, ಹಲಗೆಗೆ ಕಟ್ಟಿ ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿಯುವುದು. ಆ ನೀರನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯವರು ಅಬು ಜುಬೇದಾ ಎಂಬ ಕೈದಿಗೆ ಅದೇ ಆಗಸ್ಟ್ ಒಂದು ತಿಂಗಳಲ್ಲಿ 83 ಸಲ ಸುರಿದರು. ಖಾಲಿದ್ ಶೇಖ್ ಮೊಹಮ್ಮದ್ ಎಂಬ ಇನ್ನೊಬ್ಬ ಕೈದಿಗೆ 2003ರ ಮಾರ್ಚ್‌ನಲ್ಲಿ 183 ಸಲ. ಪಕ್ಕದಲ್ಲಿ ಯಾರೋ ಒಬ್ಬರು ಗೀಟು ಹಾಕಿಕೊಂಡು ಎಣಿಸುತ್ತಾ ಕೂತಿರಬೇಕು, ಅಲ್ವಾ?

ಇನ್ನೊಂದು ಕಾಗದ ಅದೇ ವರ್ಷದ ಡಿಸೆಂಬರ್‌ನದು. ಗ್ವಾಂಟನಾಮೊ ಎಂಬ ಅಮೆರಿಕದ ಸೇನಾ ಜೈಲಿನ ಕೈದಿಗಳನ್ನು ಹೇಗೆ ವಿಚಾರಿಸಬಹುದು ಅನ್ನುವುದಕ್ಕೆ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಸಹಿ ಹಾಕಿದ್ದು. ಕೆಳಗೆ ಕೈಬರಹದಲ್ಲಿ ಒಂದು ಟಿಪ್ಪಣಿ. ನಾನು ದಿನಕ್ಕೆ 8-10 ಗಂಟೆ ನಿಂತೇ ಇರುತ್ತೇನೆ, ಇವರನ್ನು ನಿಲ್ಲಿಸುವುದಕ್ಕೆ ಮಾತ್ರ ಯಾಕೆ 4 ಗಂಟೆಯ ಮಿತಿ ಅಂತ. ನನ್ನ ಕಸುಬಿನಲ್ಲಿ ಇದನ್ನು ನೂರಾರು ಸಲ ನೋಡಿದ್ದೇನೆ. ಟೈಪ್ ಆದ ಕಾಗದ ಗುಮಾಸ್ತನದು. ಅಂಚಿನಲ್ಲಿ ಪೆನ್ನಿನಿಂದ ಗೀಚಿದ ಸಾಲು ಯಜಮಾನನದು. ಮನುಷ್ಯ ಸಿಗುವುದು ಅಲ್ಲೇ.

ಸರಿ, ಇದಕ್ಕೆಲ್ಲ ಯಾರಿಗೆ ಏನಾಯಿತು? ಇರಾಕ್‌ನ ಅಬು ಘ್ರೈಬ್ ಜೈಲಿನ ಫೋಟೋಗಳು 2004ರಲ್ಲಿ ಹೊರಗೆ ಬಂದಾಗ ಕೆಳಗಿನ ಸೈನಿಕರು ಜೈಲಿಗೆ ಹೋದರು. ಒಬ್ಬನಿಗೆ 10 ವರ್ಷ ಶಿಕ್ಷೆ ಆಯಿತು. ಬೈಬಿ ಫೆಡರಲ್ ಮೇಲ್ಮನವಿ ಕೋರ್ಟಿನ ಜಡ್ಜ್ ಆದರು. ಅಫ್ಘಾನಿಸ್ತಾನದಲ್ಲಿ ಸಿಐಎಯ ಒಂದು ಗುಪ್ತ ಜೈಲಿನಲ್ಲಿ ಗುಲ್ ರೆಹಮಾನ್ ಎಂಬಾತ 2002ರ ನವೆಂಬರ್‌ನಲ್ಲಿ ಅರೆಬೆತ್ತಲೆಯಾಗಿ ಸಿಮೆಂಟ್ ನೆಲದ ಮೇಲೆ ಸರಪಳಿಯಲ್ಲಿ ಕೂತು ಚಳಿಗೆ ಸತ್ತ. ಅಲ್ಲಿದ್ದ ಅಧಿಕಾರಿಗೆ ನಾಲ್ಕು ತಿಂಗಳ ನಂತರ 2,500 ಡಾಲರ್ ಬಹುಮಾನಕ್ಕೆ ಶಿಫಾರಸು ಹೋಯಿತು. 2009ರಲ್ಲಿ ಒಬಾಮ ಬಂದರು. ಹಿಂದೆ ನೋಡುವುದಕ್ಕಿಂತ ಮುಂದೆ ನೋಡೋಣ ಅಂದರು. ಜಾನ್ ಡರ್ಹಮ್ ಎಂಬ ಪ್ರಾಸಿಕ್ಯೂಟರ್ 101 ಕೈದಿಗಳ ವಿಷಯ ಪರಿಶೀಲಿಸಿದರು. 2012ರಲ್ಲಿ ಯಾರ ಮೇಲೂ ಆರೋಪ ಇಲ್ಲದೆ ಫೈಲ್ ಮುಚ್ಚಿತು.

ನಮ್ಮ ಹುಡುಗ ಮೂರು ಕಾರಣ ಬರೆದುಕೊಂಡಿದ್ದ. ಒಂದು, ಈ ಸರ್ಕಾರ ಹಿಂದಿನವರನ್ನು ಜೈಲಿಗೆ ಹಾಕಿದರೆ ಮುಂದಿನ ಸರ್ಕಾರ ಇವರನ್ನು ಹಾಕುತ್ತದೆ. ಎರಡು, ಅವರು ವಕೀಲರ ಸಲಹೆ ಕೇಳಿಯೇ ಮಾಡಿದ್ದು. ಮೂರು, 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು 3,000 ಜನ ಒಂದೇ ಬೆಳಗ್ಗೆ ಸತ್ತಿದ್ದ ಕಾಲ ಅದು, ಭಯ ಇತ್ತು.

ಮೂರಕ್ಕೂ ಅಲ್ಲೇ ಉತ್ತರ ಹೊಳೆಯಲಿಲ್ಲ. ಆದರೆ ಒಂದು ಮಾತು ತಲೆಯಲ್ಲಿ ಕೂತಿದೆ. 'ಠಾಣೆಯಲ್ಲಿ ಪೊಲೀಸರು ಹೊಡೆದಿರುತ್ತಾರೆ' ಎಂಬ ಸಾಲನ್ನು ಈ 31 ವರ್ಷದಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕ ಇಲ್ಲ. 'ಹೊಡೆಯಲು ಇಂಥವರು ಹೇಳಿರುತ್ತಾರೆ' ಅಂತ ಒಂದೇ ಒಂದು ಸಲ ಟೈಪ್ ಮಾಡಿಲ್ಲ. ನೀವೇನು ಹೇಳುತ್ತೀರಿ? ಹೇಳಿ ಮಾಡಿಸಿದವರ ಮೇಲೆ, ಅವರು ಕುರ್ಚಿ ಬಿಟ್ಟ ಮೇಲೂ, ಕೇಸ್ ಹಾಕಬೇಕಾ?

ಖಾಕಿ ಬಿಟ್ಟವ, ಮಂಡ್ಯ

ಸ್ವಾಮಿ, ನಾನು ಪೊಲೀಸ್ ಇಲಾಖೆಗೆ ಪಿಸಿ, ಅಂದರೆ ಕಾನ್‌ಸ್ಟೆಬಲ್ ಆಗಿ ಸೇರಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಿ ಆದವನು. ಯಾವ ಠಾಣೆ ಅಂತ ಕೇಳಬೇಡಿ.

ಅಮೆರಿಕದವರು ಬರೆದಿಟ್ಟರಲ್ಲ, ಅದೇ ನನಗೆ ಆಶ್ಚರ್ಯ. ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಹೇಳುವುದೂ ಇಲ್ಲ. ಸಾಹೇಬರು ಸಂಜೆ ಠಾಣೆಗೆ ಬರುತ್ತಾರೆ, ಅರ್ಧ ಲೋಟ ಟೀ ಕುಡಿಯುತ್ತಾರೆ, 'ಬೆಳಗ್ಗೆ ಅಷ್ಟೊತ್ತಿಗೆ ಮಾಲು ಸಿಗಬೇಕು' ಅಂತ ಹೇಳಿ ಜೀಪ್ ಹತ್ತುತ್ತಾರೆ. ಹೊಡೀರಿ ಅನ್ನುವ ಮಾತು ಅವರ ಬಾಯಲ್ಲಿ ಬಂದಿಲ್ಲ. 'ಸರಿಯಾಗಿ ವಿಚಾರಿಸಿ' ಅಂದಿರುತ್ತಾರೆ. ಆ 'ಸರಿಯಾಗಿ' ಅನ್ನುವುದರ ಅರ್ಥ ಹೊಸದಾಗಿ ಸೇರಿದ ಪಿಸಿಗೂ ವಾರದಲ್ಲಿ ಗೊತ್ತಾಗುತ್ತದೆ.

ಒಂದು ಸಲ ನಮ್ಮ ಕಡೆ ಗದ್ದೆಗಳಲ್ಲಿ ಪಂಪ್‌ಸೆಟ್ ಮೋಟಾರ್ ಕಳ್ಳತನ ಜಾಸ್ತಿಯಾಗಿತ್ತು. ಆಲೆಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನನ್ನು ಎತ್ತಿಕೊಂಡು ಬಂದೆವು. ಹತ್ತೊಂಬತ್ತು ಇಪ್ಪತ್ತು ವಯಸ್ಸು. ಬಾಯಿ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಂಗಾಲಿಗೆ ಹೊಡೆದರೆ ಗಾಯ ಕಾಣುವುದಿಲ್ಲ, ಅದಕ್ಕೆ ಅಂಗಾಲಿಗೇ ಹೊಡೆದೆ. ಅವನು ಮೋಟಾರ್ ಎಸೆದ ಬಾವಿ ಅಂತ ಒಂದು ಬಾವಿ ಹೇಳಿದ. ರಾತ್ರಿಯಲ್ಲೇ ಹೋಗಿ ಹಗ್ಗ, ಗಾಳ ಇಳಿಸಿದೆವು. ಇರಲಿಲ್ಲ. ವಾಪಸ್ ಬಂದು ಮತ್ತೆ. ಇನ್ನೊಂದು ಬಾವಿ ಹೇಳಿದ. ಮತ್ತೆ. ಮೂರನೆಯದು. ಬೆಳಕು ಹರಿಯುವ ಹೊತ್ತಿಗೆ ನನಗೇ ಅನ್ನಿಸಿತು, ಈ ಹುಡುಗ ತನ್ನ ಊರಿನ ಬಾವಿಗಳನ್ನು ಒಂದೊಂದಾಗಿ ಹೇಳುತ್ತಿದ್ದಾನೆ. ಎರಡು ದಿನದ ಮೇಲೆ ಮೋಟಾರ್‌ಗಳು ಒಬ್ಬ ಗುಜರಿಯವನ ಹತ್ತಿರ ಸಿಕ್ಕವು. ಕಳ್ಳ ಬೇರೆಯವನು.

ಹುಡುಗನನ್ನು ಬಸ್ ಹತ್ತಿಸಲು ನಾನೇ ಹೋಗಿದ್ದೆ. ಬಸ್ಸಿನ ಮೆಟ್ಟಿಲನ್ನು ಮಂಡಿಯಲ್ಲಿ ಹತ್ತಿದ.

ಯಾರೋ ದೂರು ಕೊಟ್ಟರು. ಇಲಾಖಾ ವಿಚಾರಣೆ ನಡೆಯಿತು. ನನ್ನದು ಒಂದು ಇನ್‌ಕ್ರಿಮೆಂಟ್ ಕಟ್. ಸಾಹೇಬರಿಗೆ ಆ ವರ್ಷವೇ ಬಡ್ತಿ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತ ಆಗ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಈಗ ಹಾಗೆ ಹೇಳುವುದಿಲ್ಲ. ಆ ಮೇಕೆಯೂ ಸ್ವಲ್ಪ ಮೊಸರು ತಿಂದಿತ್ತು.

ನಿಮ್ಮ ಪ್ರಶ್ನೆಗೆ ಬಂದರೆ, ಕಾಗದ ಇದ್ದ ಕಡೆ ಕೇಸ್ ಹಾಕಲಿಲ್ಲ. ಕಾಗದವೇ ಇಲ್ಲದ ಕಡೆ ಯಾರ ಮೇಲೆ ಹಾಕುತ್ತೀರಿ?

ಸರಸ್ವತಿಪುರಂ

ಎಲ್ಲರೂ ಒಂದೇ ರಾಗ ಹಾಡಬೇಡಿ. ಬಾಂಬ್ ಇಟ್ಟವನಿಗೆ ಫಿಲ್ಟರ್ ಕಾಫಿ ಕೊಟ್ಟು ವಿಚಾರಿಸುವುದಾ? ಪೊಲೀಸರ ಕೈ ಕಟ್ಟಿಹಾಕಿ ಆಮೇಲೆ ಭದ್ರತೆ ಇಲ್ಲ ಅಂತ ನೀವೇ ಕೂಗುತ್ತೀರಿ.

ಮಾಜಿಗಳ ಮೇಲೆ ಕೇಸ್ ಅನ್ನುವ ನಾಟಕ ನಾವು ನೋಡಿಲ್ಲವಾ? ತುರ್ತು ಪರಿಸ್ಥಿತಿ ಮುಗಿದ ಮೇಲೆ 1977ರಲ್ಲಿ ಆಗಿನ ಅತಿರೇಕಗಳ ತನಿಖೆಗೆ ಷಾ ಆಯೋಗ ಮಾಡಿದರು. ವಿಶೇಷ ಕೋರ್ಟ್‌ಗೆ ಅಂತ 1979ರಲ್ಲಿ ಕಾನೂನೂ ಬಂತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಗೆದ್ದು ವಾಪಸ್ ಬಂದರು. ಅಲ್ಲಿಗೆ ಎಲ್ಲ ಮುಗಿಯಿತು. ಓಟು ಹಾಕುವ ಜನಕ್ಕೇ ಬೇಡವಾದದ್ದು ನಿಮಗೆ ಯಾಕೆ? ಕೇಸ್ ಹಾಕುವುದು ಅಂದರೆ ಕೊನೆಗೆ ಪಕ್ಷ ರಾಜಕೀಯ, ಅಷ್ಟೇ.

ಖಾಕಿ ಬಿಟ್ಟವ, ಮಂಡ್ಯ

ಕಾಫಿ ಕೊಡಿ ಅಂತ ಯಾರು ಹೇಳಿದರು ಸಾರ್? ಹೊಡೆದರೆ ಬಾಯಿ ಬಿಡುತ್ತಾರೆ, ನಿಜ. ಏನನ್ನು ಬಿಡುತ್ತಾರೆ ಅನ್ನುವುದೇ ಪ್ರಶ್ನೆ. ನನಗೆ ಮೂರು ಬಾವಿ ಸಿಕ್ಕಿದ್ದವು.

ಹನೂರಿನ ಮೇಷ್ಟ್ರ ಮಗಳು

ಈಗ ಕುವೆಂಪುನಗರದಲ್ಲಿದ್ದೇನೆ. ಹುಟ್ಟಿದ್ದು ಹನೂರು ಕಡೆಯ ಒಂದು ಹಳ್ಳಿಯಲ್ಲಿ. 1997ರವರೆಗೆ ನಮ್ಮದೂ ಮೈಸೂರು ಜಿಲ್ಲೆಯೇ. ಆಮೇಲೆ ಚಾಮರಾಜನಗರ ಆಯಿತು. ಅಮೆರಿಕದ ಕಥೆ ಓದುತ್ತಾ 'ಪಾಪ' ಅಂದುಕೊಳ್ಳುವವರು ಸ್ವಲ್ಪ ಮಾದಪ್ಪನ ಬೆಟ್ಟದ ಕಡೆಯೂ ನೋಡಿ.

ವೀರಪ್ಪನ್ ಹಿಡಿಯಲು ಕರ್ನಾಟಕ, ತಮಿಳುನಾಡು ಎರಡೂ ಕಡೆಯ ಎಸ್‌ಟಿಎಫ್, ಅಂದರೆ ಪೊಲೀಸರ ವಿಶೇಷ ಕಾರ್ಯಪಡೆ ಬಂದಿತ್ತು. ಪೊಲೀಸರ ಕಷ್ಟವನ್ನು ಮರೆತು ಮಾತಾಡುವುದಿಲ್ಲ. ಮೈಸೂರು ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ 1992ರ ಆಗಸ್ಟ್‌ನಲ್ಲಿ ಮೀಣ್ಯಂ ಹತ್ತಿರ ಸತ್ತರು. 1993ರ ಏಪ್ರಿಲ್ 9ಕ್ಕೆ ಪಾಲಾರ್‌ನಲ್ಲಿ ನೆಲಬಾಂಬ್ ಸಿಡಿದು 22 ಜನ ಹೋದರು. ನಮ್ಮಜ್ಜಿ ಆಗೆಲ್ಲ ಜೀಪಿನ ಸದ್ದು ಕೇಳಿದರೆ ಸೀಮೆಎಣ್ಣೆ ಬುಡ್ಡಿ ಆರಿಸಿಬಿಡುತ್ತಿದ್ದಳು. ಬಂದದ್ದು ಅವನ ಕಡೆಯವರೋ ಇವರ ಕಡೆಯವರೋ ಅಂತ ಕೇಳುತ್ತಿರಲಿಲ್ಲ. ಇಬ್ಬರಿಗೂ ಬುಡ್ಡಿ ಆರುತ್ತಿತ್ತು.

ಬೆಟ್ಟದಲ್ಲಿ ವಿಚಾರಣೆ ಮಾಡುತ್ತಿದ್ದ ಜಾಗಕ್ಕೆ ಜನ 'ವರ್ಕ್‌ಶಾಪ್' ಅನ್ನುತ್ತಿದ್ದರು. ಟಾಡಾ ಎಂಬ ಭಯೋತ್ಪಾದನೆ ತಡೆ ಕಾನೂನು ಹಾಕಿ ನೂರಕ್ಕೂ ಜಾಸ್ತಿ ಹಳ್ಳಿಯವರನ್ನು ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಇಟ್ಟರು. 2000ದಲ್ಲಿ ರಾಜ್‌ಕುಮಾರ್ ಅಪಹರಣ ಆದಾಗ ವೀರಪ್ಪನ್ ಕೇಳಿದ ಬೇಡಿಕೆಗಳಲ್ಲಿ ಇವರ ಬಿಡುಗಡೆಯೂ ಇತ್ತು. ಸರ್ಕಾರ ಒಪ್ಪಿತು. ಸತ್ತ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್‌ಗೆ ಹೋಗಿ ಅದನ್ನು ತಡೆದರು. ಆ ತಂದೆಯ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ 2001ರಲ್ಲಿ ಇದೇ ಮೈಸೂರಿನ ಟಾಡಾ ಕೋರ್ಟ್ ತೀರ್ಪು ಕೊಟ್ಟಾಗ ಅವರಲ್ಲಿ ಹೆಚ್ಚಿನವರು ಖುಲಾಸೆ ಆದರು. ಅಷ್ಟು ವರ್ಷ ಸುಮ್ನೆ ಒಳಗಿದ್ದರು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿತು. ಹಳ್ಳಿಯವರು ಬಂದು ಒಬ್ಬೊಬ್ಬರಾಗಿ ಹೇಳಿದರು. 2007ರಲ್ಲಿ ಆಯೋಗ 89 ಜನಕ್ಕೆ ಒಟ್ಟು 2.80 ಕೋಟಿ ಪರಿಹಾರ ಕೊಡಿ ಅಂತ ಆದೇಶ ಮಾಡಿತು. ಪರಿಹಾರ ಅಂದರೆ ಸರ್ಕಾರದ ಖಜಾನೆಯ ದುಡ್ಡು, ಅಂದರೆ ನನ್ನ ನಿಮ್ಮ ದುಡ್ಡು. ಮಾಡಿಸಿದವರ ಜೇಬಿನಿಂದ ಒಂದು ರೂಪಾಯಿ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇನ್ನು, ಆಗುವುದೇ ಇಲ್ಲ ಅನ್ನುವವರಿಗೆ. ಗಡಿ ಆಚೆ ಧರ್ಮಪುರಿ ಜಿಲ್ಲೆಯಲ್ಲಿ ವಾಚಾತಿ ಅಂತ ಹಳ್ಳಿ ಇದೆ. 1992ರ ಜೂನ್‌ನಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ನುಗ್ಗಿ ಹೊಡೆದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. 269 ಆರೋಪಿಗಳು, ಎಲ್ಲರೂ ಸರ್ಕಾರಿ ನೌಕರರು. 2011ರಲ್ಲಿ ತೀರ್ಪು ಬರುವ ಹೊತ್ತಿಗೆ 54 ಜನ ಸತ್ತುಹೋಗಿದ್ದರು. ಉಳಿದ 215 ಜನಕ್ಕೂ ಶಿಕ್ಷೆ ಆಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿದು, ಆಗಿನ ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಅರಣ್ಯಾಧಿಕಾರಿ ಮೇಲೂ ಕ್ರಮ ತೆಗೆದುಕೊಳ್ಳಿ ಅಂದಿತು. ಬೆರಳಚ್ಚಿನವರೇ, ನೀವು 31 ವರ್ಷ ಟೈಪ್ ಮಾಡದ ಸಾಲು ಅದೇ ಅಲ್ಲವಾ? ಅವರಿಗೂ 31 ವರ್ಷವೇ ಬೇಕಾಯಿತು.

ಜೂನಿಯರ್ ವಕೀಲ

ಸರಸ್ವತಿಪುರಂ ಅವರ ರಾಜಕೀಯದ ಮಾತನ್ನು ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ಅರ್ಜೆಂಟೀನಾದಲ್ಲಿ ಹಾಗೇ ಆಯಿತು. 1985ರಲ್ಲಿ ಸೇನಾಡಳಿತದ ನಾಯಕರ ವಿಚಾರಣೆ ನಡೆದು ಜನರಲ್ ವಿಡೆಲಾಗೆ ಜೀವಾವಧಿ ಆಯಿತು. ಸೇನೆ ಗುರ್ ಅಂದಿತು. ಮುಂದಿನ ಎರಡು ವರ್ಷದಲ್ಲಿ ಹೊಸ ಕೇಸುಗಳಿಗೆ ತಡೆ ಹಾಕುವ ಎರಡು ಕಾನೂನು ಬಂದವು. 1990ರ ಹೊತ್ತಿಗೆ ವಿಡೆಲಾಗೆ ಕ್ಷಮಾದಾನವೂ ಸಿಕ್ಕಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ಹೊಡೆದುಹಾಕಿತು. ವಿಡೆಲಾ ಮತ್ತೆ ಒಳಗೆ ಹೋಗಿ 2013ರಲ್ಲಿ ಜೈಲಿನಲ್ಲೇ ಸತ್ತ. ಅಂದರೆ ಸರ್ಕಾರ ಬದಲಾದಾಗ ಕೇಸ್ ನಿಲ್ಲಬಹುದು. ದಾಖಲೆ ಸಾಯುವುದಿಲ್ಲ.

ವಕೀಲರ ಸಲಹೆ ಕೇಳಿ ಮಾಡಿದ್ದು ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಅಮೆರಿಕ 1994ರಲ್ಲೇ ವಿಶ್ವಸಂಸ್ಥೆಯ ಹಿಂಸೆ ವಿರೋಧಿ ಒಪ್ಪಂದ ಒಪ್ಪಿಕೊಂಡಿತ್ತು. ಯುದ್ಧವಿರಲಿ, ತುರ್ತು ಪರಿಸ್ಥಿತಿ ಇರಲಿ, ನೆಪ ಹೇಳುವಂತಿಲ್ಲ, ಮೇಲಿನವರ ಆದೇಶ ಅನ್ನುವುದೂ ನಡೆಯುವುದಿಲ್ಲ ಅಂತ ಅದರಲ್ಲೇ ಇದೆ. ಇದೇ ನೀರು ಸುರಿಯುವ ಕೆಲಸಕ್ಕೆ 1983ರಲ್ಲಿ ಟೆಕ್ಸಾಸ್‌ನ ಒಬ್ಬ ಷರೀಫ್‌ಗೆ ಅವರದೇ ಕೋರ್ಟ್ 10 ವರ್ಷ ಕೊಟ್ಟಿತ್ತು. ಇನ್ನೊಂದು ತಮಾಷೆ. 2009ರ ಜನವರಿಯಲ್ಲಿ ಮಯಾಮಿಯ ಕೋರ್ಟ್, ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಮಗನಿಗೆ ಅಲ್ಲಿ ಮಾಡಿದ ಚಿತ್ರಹಿಂಸೆಗಾಗಿ 97 ವರ್ಷ ಶಿಕ್ಷೆ ಕೊಟ್ಟಿತು. ಒಬಾಮ 'ಮುಂದೆ ನೋಡೋಣ' ಅಂದದ್ದು ಅದೇ ತಿಂಗಳು. ಪರದೇಶದ ಸರ್ಕಾರಕ್ಕಾಗಿ ಹಿಂಸೆ ಮಾಡಿದವನ ವಿಷಯಕ್ಕೆ ಹಿಂದೆ ನೋಡಬಹುದು, ತಮ್ಮ ಸರ್ಕಾರಕ್ಕಾಗಿ ಮಾಡಿದವರ ವಿಷಯಕ್ಕೆ ಮುಂದೆ.

ನಮ್ಮ ಕಡೆ ಹೇಳುವುದಾದರೆ, ಭಾರತ ಆ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿತು, ಅನುಮೋದನೆ ಕೊಟ್ಟಿಲ್ಲ. 2010ರಲ್ಲಿ ಚಿತ್ರಹಿಂಸೆ ತಡೆಯುವ ಒಂದು ಮಸೂದೆ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಸಿಕ್ಕಿಕೊಂಡು ಸತ್ತಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಒಪ್ಪಂದಕ್ಕೆ ಅನುಮೋದನೆ ಕೊಡಿ, ಕಾನೂನು ಮಾಡಿ ಅಂತ ಮತ್ತೆ ಹೇಳಿತು. ತಪ್ಪೊಪ್ಪಿಗೆಗಾಗಿ ಹೊಡೆದರೆ 7 ವರ್ಷದವರೆಗೆ ಶಿಕ್ಷೆ ಕೊಡಬಹುದು ಅಂತ ಹಳೆಯ ಐಪಿಸಿ 330ರಲ್ಲೇ ಇತ್ತು, ಈಗ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 120ರಲ್ಲಿದೆ. ಹೊಡೆಸಿದವನಿಗೆ ಕುಮ್ಮಕ್ಕಿನ ಸೆಕ್ಷನ್ ಇದೆ. ಅಡ್ಡ ಬರುವುದು ಅನುಮತಿ. ಅಧಿಕಾರಿಯ ಮೇಲೆ ಕೇಸ್ ನಡೆಸಲು ಸರ್ಕಾರವೇ ಒಪ್ಪಿಗೆ ಕೊಡಬೇಕು. ಕರ್ತವ್ಯದ ಮಿತಿ ಮೀರಿದ್ದರೂ ಕರ್ತವ್ಯಕ್ಕೆ ಸಂಬಂಧ ಇದ್ದರೆ ಒಪ್ಪಿಗೆ ಬೇಕೇ ಬೇಕು ಅಂತ ಕರ್ನಾಟಕದ್ದೇ ಒಂದು ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿವೃತ್ತಿ ಆದವರಿಗೂ ಈ ಕೊಡೆ ಇದೆ. ಕ್ರಿಮಿನಲ್ ಕೇಸ್ ನಡೆಸುವ ರೀತಿ ಹೇಳುವ ಹೊಸ ಕಾನೂನು ಬಿಎನ್‌ಎಸ್‌ಎಸ್ 218ರಲ್ಲಿ ಒಂದು ಒಳ್ಳೆಯದು ಬಂದಿದೆ. ಸರ್ಕಾರ 120 ದಿನದಲ್ಲಿ ಏನೂ ಹೇಳದಿದ್ದರೆ ಅನುಮತಿ ಸಿಕ್ಕಂತೆಯೇ. ಆದರೆ 119ನೇ ದಿನ 'ಇಲ್ಲ' ಅಂದರೆ?

ಮಂಡ್ಯದ ಹಿರಿಯರಿಗೆ ಒಂದು ಮಾತು. ಕಾಗದ ಇಲ್ಲ ಅಂದಿರಿ. ಕಾಗದವೇ ಸಾಕ್ಷಿ ಅಲ್ಲ ಸಾರ್. 'ಮಾಲು ಸಿಗಬೇಕು' ಅಂದಾಗ ಪಕ್ಕದಲ್ಲಿ ನಿಂತವರ ಹೇಳಿಕೆಯೂ ಸಾಕ್ಷಿಯೇ.

ಸರಸ್ವತಿಪುರಂ

ಹಾಗಾದರೆ ಇವರೇ ಮೊದಲು ಒಳಗೆ ಹೋಗುತ್ತಾರೆ. ಹೇಳಿಕೆ ಕೊಟ್ಟವನಿಗೇ ಉರುಳು. ಅಮೆರಿಕದಲ್ಲೂ ನೀರಿನ ವಿಷಯ ಟೀವಿಯಲ್ಲಿ ಹೇಳಿದ ಸಿಐಎ ಮಾಜಿ ಅಧಿಕಾರಿ ಕಿರಿಯಾಕೊ, ಸಹೋದ್ಯೋಗಿಯ ಹೆಸರು ಹೊರಗೆ ಬಿಟ್ಟ ಅಂತ 30 ತಿಂಗಳ ಶಿಕ್ಷೆ ತಿಂದ. ನೀರು ಸುರಿದವರು ಆರಾಮಾಗಿದ್ದಾರೆ. ನಾನು ನಿಮ್ಮ ಪಕ್ಷ ಅಲ್ಲ, ಆದರೂ ಇದು ನೆನಪಿರಲಿ.

ಬೆರಳಚ್ಚಿನವ, ಮೈಸೂರು

ಎಲ್ಲರಿಗೂ ವಂದನೆ. ಸರಸ್ವತಿಪುರಂ ಅವರೇ, ನಿಮಗೂ. ನೀವು ಕೊನೆಗೆ ಹೇಳಿದ್ದು ನನ್ನ ಪಕ್ಷಕ್ಕೇ ಸೇರುತ್ತದೆ, ಇಟ್ಟುಕೊಳ್ಳುತ್ತೇನೆ.

ನನ್ನ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಕೇಸ್ ಹಾಕಬೇಕು, ಸಹಿ ಹಾಕಿದವರಿಂದ ಶುರು ಮಾಡಬೇಕು. ಹೊಡೆದವನ ಕೈಯಲ್ಲಿ ಕೋಪವೋ ಭಯವೋ ಇರುತ್ತದೆ, ಆ ರಾತ್ರಿಗೆ ಮುಗಿಯುತ್ತದೆ. ಕರಡು ಮಾಡಿ, ತಿದ್ದಿ, ಇನ್ನೊಮ್ಮೆ ಟೈಪ್ ಮಾಡಿಸಿ, ಓದಿ ಸಹಿ ಹಾಕುವವನಿಗೆ ಎಷ್ಟು ಸಮಯ ಇತ್ತು ಅಂತ ನನಗೆ ಗೊತ್ತು. ಅಂಥ ಕಾಗದ ಒಂದೇ ದಿನದಲ್ಲಿ ಆಗುವುದಿಲ್ಲ. ಪ್ರತಿ ಕರಡಿನಲ್ಲೂ ನಿಲ್ಲಿಸಬಹುದಿತ್ತು.

ಹುಡುಗ ಪಕ್ಷ ಬದಲಾಯಿಸಲು ಕೇಳಿದನಂತೆ, ಮೇಷ್ಟ್ರು ಬಿಡಲಿಲ್ಲ. 'ಬೇಡ' ಅಂತಲೇ ಮಾತಾಡಿ ಎರಡನೇ ಬಹುಮಾನ ತಂದಿದ್ದಾನೆ. ಚೆನ್ನಾಗಿ ಮಾತಾಡುತ್ತಾನೆ, ಏನು ಮಾಡುವುದು.

ನಿನ್ನೆ ಒಂದು ಜಾಮೀನು ಅರ್ಜಿ ಬಂತು. ಅದೇ ಸಾಲು, 'ಠಾಣೆಯಲ್ಲಿ ಹೊಡೆದಿರುತ್ತಾರೆ'. ವಕೀಲರನ್ನು ಕೇಳಿದೆ, 'ಸಾರ್, ಯಾರ ಮಾತಿನ ಮೇಲೆ ಅಂತ ಸೇರಿಸಲಾ?' ಅವರು ಕನ್ನಡಕದ ಮೇಲಿಂದ ನೋಡಿ, 'ನಿಮಗೆ ಪುಟದ ಲೆಕ್ಕದಲ್ಲಿ ದುಡ್ಡು ಕೊಡುವುದು, ಸಲಹೆ ಲೆಕ್ಕದಲ್ಲಲ್ಲ' ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಹೋಗಿ ಕಕ್ಷಿದಾರನನ್ನು ಏನೋ ಕೇಳುತ್ತಿದ್ದರು. ಅರ್ಜಿ ಮಾತ್ರ ಇದ್ದ ಹಾಗೇ ಹೋಯಿತು.

ಮಂಡ್ಯ ಸಾರ್, ನೀವು ಯಾವತ್ತಾದರೂ ಮೈಸೂರಿಗೆ ಬಂದರೆ ಅಂಗಡಿಗೆ ಬನ್ನಿ. ಆ ಮೋಟಾರ್ ಕೇಸಿನ ಸಂಜೆ ಯಾರು ಬಂದಿದ್ದರು, ಏನು ಹೇಳಿದರು, ಎಷ್ಟು ಟೀ ಕುಡಿದರು, ನೆನಪಿರುವಷ್ಟು ಹೇಳಿ. ನಾನು ಟೈಪ್ ಮಾಡುತ್ತೇನೆ. ಎಲ್ಲಿಗೂ ಕೊಡಬೇಕಾಗಿಲ್ಲ. ಛಾಪಾ ಕಾಗದದ ದುಡ್ಡು ನಿಮ್ಮದು, ಟೈಪಿಂಗ್ ನನ್ನದು.

ಖಾಕಿ ಬಿಟ್ಟವ, ಮಂಡ್ಯ

ಪಿಂಚಣಿಗೆ ತೊಂದರೆ ಆಗುತ್ತದಾ ಅಂತ ಆ ಜೂನಿಯರ್ ವಕೀಲರನ್ನು ಮೊದಲು ಕೇಳಿ ಹೇಳಿ. ಮನೆಯವಳಿಗೆ ಮೋಟಾರ್ ಕೇಸ್ ಗೊತ್ತು, ಬಾವಿ ವಿಷಯ ಗೊತ್ತಿಲ್ಲ. ಅವಳಿಗೆ ಹೇಳಿ ಆಮೇಲೆ ಫೋನ್ ಮಾಡುತ್ತೇನೆ.